ಹತ್ತು ದಿನ ಬಿಟ್ಟು ಬನ್ನಿ

ಆಸ್ಪತ್ರೆಯ ಚೀಟಿಯ ಕೊನೆಯ ಸಾಲನ್ನು ನಮ್ಮಲ್ಲಿ ಹೆಚ್ಚಿನವರು ಓದುವುದಿಲ್ಲ. ಮಾತ್ರೆ ಊಟಕ್ಕೆ ಮುಂಚೆಯೋ ಆಮೇಲೋ ಎಂದು ಮೆಡಿಕಲ್ ಶಾಪಿನಲ್ಲಿ ಎರಡೆರಡು ಸಲ ಕೇಳುತ್ತೇವೆ. ಆದರೆ ಡಾಕ್ಟರ ಸಹಿಯ ಮೇಲೆ ಅವಸರದ ಅಕ್ಷರದಲ್ಲಿ ‘ಹತ್ತು ದಿನ ಬಿಟ್ಟು ಬನ್ನಿ’ ಎಂದಿರುತ್ತದಲ್ಲ, ಅದನ್ನು ಒಂದು ಉಪಚಾರದ ಮಾತು ಎಂದುಕೊಂಡು ಚೀಟಿ ಮಡಚಿಡುತ್ತೇವೆ. ನನ್ನ ಅಕ್ಕನ ಮಗನ ವಿಷಯದಲ್ಲಿ ನಾವು ಮಾಡಿದ್ದೂ ಅದನ್ನೇ.

ಅವನಿಗೆ ಆಗ ಹದಿನಾರು ವರ್ಷ. ಬೆಂಗಳೂರಿನ ಒಂದು ಸ್ಕೇಟ್ ಪಾರ್ಕಿನಲ್ಲಿ ಭಾನುವಾರದ ಬೆಳಿಗ್ಗೆ ಅವನು ಒಂದು ಇಳಿಜಾರಿನಿಂದ, ಇನ್ನೊಬ್ಬ ಹುಡುಗ ಎದುರಿನ ಇಳಿಜಾರಿನಿಂದ ಒಟ್ಟಿಗೇ ಇಳಿದರು. ನಡುವೆ ಡಿಕ್ಕಿ. ಆ ಹುಡುಗನ ಮೊಣಕಾಲು ತರಚಿತು. ನಮ್ಮವನು ಬಲಗೈ ಚಾಚಿ ಅಂಗೈ ಊರಿಕೊಂಡು ಬಿದ್ದ. ಹೆಲ್ಮೆಟ್ ಇತ್ತು, ತಲೆಗೆ ಏನೂ ಆಗಲಿಲ್ಲ. ಸಂಜೆ ಎಕ್ಸ್-ರೇ ತೆಗೆಸಿದೆವು. “ಮುರಿದ ಹಾಗೆ ಕಾಣ್ತಿಲ್ಲ. ಆದರೆ ಹೆಬ್ಬೆರಳಿನ ಬುಡದಲ್ಲಿ ನೋವಿದೆ, ಅದು ನನಗೆ ಅನುಮಾನ. ಸ್ಲ್ಯಾಬ್ ಹಾಕಿರ್ತೀನಿ. ಹತ್ತು ದಿನ ಬಿಟ್ಟು ಬನ್ನಿ, ಇನ್ನೊಂದು ಎಕ್ಸ್-ರೇ ತೆಗೆಯೋಣ” ಅಂದರು ಡಾಕ್ಟರು.

ಆರನೇ ದಿನಕ್ಕೆ ಊತ ಇಳಿಯಿತು. ಎಂಟನೇ ದಿನ ಅವನೇ ಬ್ಯಾಂಡೇಜು ಬಿಚ್ಚಿಹಾಕಿದ. “ನೋವೇ ಇಲ್ಲ ಮಾವ. ಸುಮ್ನೆ ಯಾಕೆ ಹೋಗೋದು?” ಅಂದ. ಪರೀಕ್ಷೆ ಹತ್ತಿರ ಬಂದಿತ್ತು. ಅಕ್ಕ ನನ್ನ ಮುಖ ನೋಡಿದಳು. “ಉಳುಕು ಅಷ್ಟೇ ಇರಬೇಕು ಬಿಡು” ಅಂದವನು ನಾನೇ.

ಐದು ತಿಂಗಳ ಮೇಲೆ ಅವನಿಗೆ ನೆಲಕ್ಕೆ ಕೈಯೂರಿ ಏಳಲು ಆಗದಾಯಿತು. ಸ್ಕೂಟರನ್ನು ಸ್ಟ್ಯಾಂಡಿನ ಮೇಲೆ ಎಳೆದು ನಿಲ್ಲಿಸಲು ಆಗದಾಯಿತು. ಎರಡನೇ ಎಕ್ಸ್-ರೇ ಆಗ ತೆಗೆಸಿದೆವು. ಮಣಿಕಟ್ಟಿನ ಒಂದು ಪುಟ್ಟ ಮೂಳೆ ನಡುವೆ ಸೀಳಿಕೊಂಡು, ಎರಡು ತುಂಡುಗಳು ಕೂಡದೇ ಬೇರೆ ಬೇರೆ ನಿಂತಿದ್ದವು. ಡಾಕ್ಟರು ನಮ್ಮನ್ನು ಬೈಯಲಿಲ್ಲ. ಹಳೆಯ ಚೀಟಿಯ ಕೊನೆಯ ಸಾಲಿನ ಮೇಲೆ ಬೆರಳಿಟ್ಟು ಸುಮ್ಮನಾದರು. ಬೈದಿದ್ದರೆ ವಾಸಿಯಿತ್ತು.

ಅವನ ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾಗುವವರೆಗೆ ನಾನು ಈ ವಿಷಯವನ್ನೇ ಹುಡುಕಿ ಓದುತ್ತ ಕುಳಿತೆ. ಸ್ಕೇಟ್‌ಬೋರ್ಡಿನಿಂದ ಬಿದ್ದವರ ಚರಿತ್ರೆ ಒಂದು ಕಡೆ, ಬಿದ್ದವರನ್ನು ಮತ್ತೆ ಮತ್ತೆ ಕರೆಸಿ ನೋಡುವ ವೈದ್ಯದ ಚರಿತ್ರೆ ಇನ್ನೊಂದು ಕಡೆ. ಎರಡೂ ಕೂಡುವುದು ಆ ಚೀಟಿಯ ಕೊನೆಯ ಸಾಲಿನಲ್ಲೇ.

*

ಸ್ಕೇಟ್‌ಬೋರ್ಡು ಹುಟ್ಟಿದ್ದು ಸಮುದ್ರದ ದಡದಲ್ಲಿ. 1950ರ ದಶಕದ ಕ್ಯಾಲಿಫೋರ್ನಿಯಾದಲ್ಲಿ ಅಲೆ ಏಳದ ದಿನ ಸರ್ಫಿಂಗ್ ಹುಡುಗರು ಹಲಗೆಗೆ ರೋಲರ್ ಸ್ಕೇಟಿನ ಚಕ್ರ ಹೊಡೆದು ರಸ್ತೆಯ ಮೇಲೆ ಅಲೆ ಹುಡುಕಿದರು. ಮೊದಲು ಉಕ್ಕಿನ ಚಕ್ರ, ಆಮೇಲೆ ‘ಕ್ಲೇ ವೀಲ್’ ಎಂದು ಕರೆಯುತ್ತಿದ್ದ ಗಡಸು ಮಿಶ್ರಣದ ಚಕ್ರ. ಎರಡಕ್ಕೂ ಒಂದೇ ರೋಗ: ರಸ್ತೆಯಲ್ಲಿ ಕಡಲೆಕಾಳಿನಷ್ಟು ಕಲ್ಲು ಸಿಕ್ಕರೆ ಚಕ್ರ ಅಲ್ಲೇ ನಿಲ್ಲುತ್ತಿತ್ತು, ಮೇಲಿದ್ದವನು ನಿಲ್ಲುತ್ತಿರಲಿಲ್ಲ. ಮುಗ್ಗರಿಸಿದ ಮನುಷ್ಯ ಮುಖ ಉಳಿಸಿಕೊಳ್ಳಲು ಕೈ ಚಾಚುತ್ತಾನೆ. ಹೀಗೆ ಮಣಿಕಟ್ಟು ಈ ಆಟದ ಮೊದಲ ಬಲಿಯಾಯಿತು.

ಅರವತ್ತರ ದಶಕದ ನಡುವಿಗೆ ಈ ಹಲಗೆಗಳು ಅಮೆರಿಕದ ಮನೆಮನೆಗೆ ಬಂದವು. 1965ರ ಮೇ ತಿಂಗಳ ‘ಲೈಫ್’ ಪತ್ರಿಕೆಯ ಮುಖಪುಟದಲ್ಲಿ ಪ್ಯಾಟಿ ಮೆಕ್‌ಗೀ ಎಂಬ ಯುವತಿ ಓಡುವ ಹಲಗೆಯ ಮೇಲೆ ತಲೆಕೆಳಗಾಗಿ ಕೈಯೂರಿ ನಿಂತ ಚಿತ್ರ ಬಂತು. ಜೊತೆಗಿದ್ದ ತಲೆಬರಹ ಇದನ್ನು ಗೀಳು ಎಂದೂ ಪಿಡುಗು ಎಂದೂ ಒಂದೇ ಉಸಿರಿನಲ್ಲಿ ಕರೆದಿತ್ತು. ಅದೇ ವರ್ಷ ಕ್ಯಾಲಿಫೋರ್ನಿಯಾದ ವೈದ್ಯರ ಸಂಘ ಸ್ಕೇಟ್‌ಬೋರ್ಡನ್ನು ವೈದ್ಯಲೋಕಕ್ಕೆ ಬಂದ ಹೊಸ ಪೀಡೆ ಎಂದು ಸಾರಿತು. ಹಲವು ನಗರಗಳು ರಸ್ತೆ ಮತ್ತು ಕಾಲುದಾರಿಗಳಲ್ಲಿ ಅದನ್ನು ನಿಷೇಧಿಸಿದವು. ಅಂಗಡಿಗಳಲ್ಲಿ ಹಲಗೆಗಳು ಮಾರಾಟವಾಗದೆ ಧೂಳು ತಿಂದವು.

ಆಟ ಮತ್ತೆ ಎದ್ದದ್ದು ಚಕ್ರದಿಂದಲೇ. ಫ್ರಾಂಕ್ ನಾಸ್‌ವರ್ದಿ ಎಂಬ ಯುವಕ ವರ್ಜೀನಿಯಾದ ಒಂದು ಕಾರ್ಖಾನೆಯಲ್ಲಿ ರೋಲರ್ ಸ್ಕೇಟಿಗೆಂದು ಮಾಡಿದ ಪಾಲಿಯುರೆಥೇನ್ ಚಕ್ರಗಳನ್ನು ಕಂಡಿದ್ದ. 1970ರ ದಶಕದ ಮೊದಲ ವರ್ಷಗಳಲ್ಲಿ ಅದನ್ನೇ ಸ್ಕೇಟ್‌ಬೋರ್ಡಿಗೆ ಹೊಂದಿಸಿ ‘ಕ್ಯಾಡಿಲಾಕ್ ವೀಲ್ಸ್’ ಎಂಬ ಹೆಸರಿನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮಾರಿದ. ಈ ಚಕ್ರ ಸಣ್ಣ ಕಲ್ಲನ್ನು ನುಂಗಿ ಮುಂದೆ ಹೋಗುತ್ತಿತ್ತು, ತಿರುವಿನಲ್ಲಿ ನೆಲವನ್ನು ಕಚ್ಚಿ ಹಿಡಿಯುತ್ತಿತ್ತು. ಮುಗ್ಗರಿಸುವುದು ಕಡಿಮೆಯಾಯಿತು. ವೇಗ ಹೆಚ್ಚಾಯಿತು.

1976–77ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ಬರ ಬಂತು. ಹಿತ್ತಿಲ ಈಜುಕೊಳಗಳು ಬತ್ತಿ ಬರಿದಾದವು. ಸಾಂಟಾ ಮೋನಿಕಾ, ವೆನಿಸ್ ಕಡೆಯ ಹುಡುಗರು ಬೇಲಿ ಹಾರಿ ಆ ಒಣ ಕೊಳಗಳಿಗೆ ಇಳಿದರು. ಬಟ್ಟಲಿನಂತೆ ಬಾಗಿದ ಗೋಡೆ ಅವರಿಗೆ ನಿಂತ ಅಲೆಯಂತೆ ಕಂಡಿತು. ಡಿಕ್ಕಿಯ ಚರಿತ್ರೆ ಇಲ್ಲಿಂದ ಬದಲಾಗುತ್ತದೆ. ರಸ್ತೆಯಲ್ಲಿ ಬೀಳುವವನು ಒಬ್ಬನೇ ಬೀಳುತ್ತಾನೆ. ಬಟ್ಟಲಿನಲ್ಲಿ ಯಾವ ಅಂಚಿನಿಂದ ಇಳಿದರೂ ಎಲ್ಲರೂ ಸೇರುವುದು ತಳದಲ್ಲಿ. ಎದುರುಬದುರು ಇಳಿದ ಇಬ್ಬರ ವೇಗ ಕೂಡಿ ಒಂದೇ ಏಟಾಗುತ್ತದೆ. ಕಾಲಿನಿಂದ ತಪ್ಪಿಸಿಕೊಂಡ ಹಲಗೆ ಬಾಣದಂತೆ ಹಾರಿ ಅಂಚಿನಲ್ಲಿ ನಿಂತ ಮೂರನೆಯವನ ಮೊಣಕಾಲಿನ ಕೆಳಗೆ ಬಡಿಯುತ್ತದೆ.

ಅದಕ್ಕೇ ಅಲ್ಲಿ ಒಂದು ಬರೆಯದ ಕಾನೂನು ಬೆಳೆಯಿತು: ಬಟ್ಟಲಿನಲ್ಲಿ ಒಬ್ಬನೇ ಇರಬೇಕು, ಉಳಿದವರು ಅಂಚಿನಲ್ಲಿ ಸರದಿ ಕಾಯಬೇಕು, ಹಲಗೆ ಕೈತಪ್ಪಿದರೆ ಕೂಗಿ ಎಚ್ಚರಿಸಬೇಕು. ಸರದಿ ಮೀರಿ ನುಗ್ಗುವುದನ್ನು ಅವರ ಭಾಷೆಯಲ್ಲಿ ‘ಸ್ನೇಕಿಂಗ್’, ಹಾವಿನಂತೆ ನುಸುಳುವುದು, ಎನ್ನುತ್ತಾರೆ. ಈ ಮರ್ಯಾದೆಯನ್ನು ಯಾವ ಪುಸ್ತಕವೂ ಕಲಿಸಲಿಲ್ಲ, ಮುರಿದ ಮೂಳೆಗಳು ಕಲಿಸಿದವು. ನಮ್ಮ ಹುಡುಗನೂ ಎದುರಿನವನೂ ಅಂದು ಮರೆತದ್ದು ಇದನ್ನೇ.

*

ಗಾಯಗಳನ್ನು ಕಂಡ ಸಮಾಜಕ್ಕೆ ಮೊದಲು ಹೊಳೆಯುವ ಉಪಾಯ ಬೇಡ ಎನ್ನುವುದು. ಇದನ್ನು ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದ ದೇಶ ನಾರ್ವೆ. ಅಮೆರಿಕದಿಂದ ಬರುತ್ತಿದ್ದ ಗಾಯ ಮತ್ತು ಸಾವಿನ ಸುದ್ದಿಗಳಿಗೆ ಬೆಚ್ಚಿ, 1978ರಲ್ಲಿ ಆ ದೇಶ ಸ್ಕೇಟ್‌ಬೋರ್ಡು ಮಾರುವುದನ್ನೂ ಆಡುವುದನ್ನೂ ನಿಷೇಧಿಸಿತು. ನಿಷೇಧ ತೆರವಾದದ್ದು 1989ರಲ್ಲಿ. ನಡುವಿನ ಹನ್ನೊಂದು ವರ್ಷ ಹುಡುಗರು ಸುಮ್ಮನಿದ್ದರೇ? ಹೊರದೇಶದಿಂದ ಹಲಗೆಗಳನ್ನು ಅಡಗಿಸಿ ತಂದರು, ಪೊಲೀಸರ ಕಣ್ಣಿಗೆ ಬೀಳದಂತೆ ಕಾಡಿನ ನಡುವೆ ಮರದ ಇಳಿಜಾರು ಕಟ್ಟಿಕೊಂಡರು. ಕಾನೂನಿಗೆ ಹೆದರಿ ಕಾಡಿನಲ್ಲಿ ಆಡುವ ಹುಡುಗ ಕೈ ಮುರಿದುಕೊಂಡರೆ ಆಸ್ಪತ್ರೆಯಲ್ಲಿ ಏನು ಹೇಳಬೇಕು? ನಿಷೇಧವು ಆಟವನ್ನು ನಿಲ್ಲಿಸುವುದಕ್ಕಿಂತ ಹೆಚ್ಚಾಗಿ ಆಟದ ಮಾತನ್ನು ಬಾಯಲ್ಲೇ ತಡೆಯುತ್ತದೆ.

ಅಮೆರಿಕದಲ್ಲಿ ಕಾನೂನಿಗಿಂತ ವಿಮೆ ಕಠಿಣವಾಗಿತ್ತು. 1976ರಿಂದ ಕಟ್ಟಿದ ಖಾಸಗಿ ಸ್ಕೇಟ್ ಪಾರ್ಕುಗಳು ಗಾಯಾಳುಗಳ ದಾವೆಗೆ ಹೆದರಿ, ವಿಮೆಯ ಕಂತು ಕಟ್ಟಲಾರದೆ, ಎಂಬತ್ತರ ದಶಕ ಬರುವ ಹೊತ್ತಿಗೆ ಒಂದೊಂದಾಗಿ ನೆಲಸಮವಾದವು. ಹುಡುಗರು ಮತ್ತೆ ಬೀದಿಗೆ, ಅಂದರೆ ಕಾರುಗಳ ನಡುವೆ, ಬಂದರು. ಈ ಆಟದಲ್ಲಿ ಜೀವ ಹೋಗುವುದು ಬಹುಪಾಲು ಮೋಟಾರು ವಾಹನದ ಡಿಕ್ಕಿಯಿಂದಲೇ. ಪಾರ್ಕು ಮುಚ್ಚಿದವರು ಅಪಾಯವನ್ನು ಬಟ್ಟಲಿನಿಂದ ರಸ್ತೆಗೆ ತಳ್ಳಿದ್ದರು ಅಷ್ಟೆ.

ತೊಂಬತ್ತರ ದಶಕದ ಕೊನೆಗೆ ಕ್ಯಾಲಿಫೋರ್ನಿಯಾ ಬೇರೆ ದಾರಿ ಹಿಡಿಯಿತು. ಇದು ಅಪಾಯವಿರುವ ಆಟ ಎಂದು ಕಾನೂನಿನಲ್ಲೇ ಒಪ್ಪಿಕೊಂಡು, ಊರಾಡಳಿತಗಳ ಹೊಣೆಗೆ ಮಿತಿ ಹಾಕಿ, ಪಾರ್ಕು ಕಟ್ಟಲು ದಾರಿ ಬಿಟ್ಟಿತು. ಹೆಲ್ಮೆಟ್, ಮೊಣಕೈ, ಮೊಣಕಾಲಿನ ರಕ್ಷೆ ಕಡ್ಡಾಯವಾಯಿತು. ಆ ಕಾನೂನಿನಲ್ಲಿ ಹೆಚ್ಚು ಜನ ಗಮನಿಸದ ಇನ್ನೊಂದು ಮಾತಿತ್ತು: ಸಾರ್ವಜನಿಕ ಪಾರ್ಕಿನಲ್ಲಿ ಆದ, ತಿಳಿದುಬಂದ ಗಾಯಗಳನ್ನೆಲ್ಲ ದಾಖಲೆಯಲ್ಲಿ ಬರೆದಿಡಬೇಕು. ಬಿದ್ದವನನ್ನು ಅಟ್ಟಬೇಡಿ, ಬರೆದುಕೊಳ್ಳಿ ಎಂದು ಸರ್ಕಾರ ಹೇಳಿತ್ತು.

*

ಈಗ ಆ ಪುಟ್ಟ ಮೂಳೆಗೆ ಬರೋಣ. ನಿಮ್ಮ ಹೆಬ್ಬೆರಳನ್ನು ಮೇಲಕ್ಕೆ ಎತ್ತಿ ಬಿಗಿ ಮಾಡಿ. ಅದರ ಬುಡದಲ್ಲಿ, ಮಣಿಕಟ್ಟಿನ ಪಕ್ಕ, ಎರಡು ನರಹುರಿಗಳ ನಡುವೆ ಒಂದು ಗುಳಿ ಬೀಳುತ್ತದೆ. ಹಿಂದೆ ನಶ್ಯ ಏರಿಸುವವರು ಪುಡಿಯನ್ನು ಅಲ್ಲಿ ಹಾಕಿಕೊಂಡು ಸೇದುತ್ತಿದ್ದರಂತೆ. ಅದಕ್ಕೇ ಅಂಗರಚನೆಯ ಪುಸ್ತಕಗಳಲ್ಲಿ ಅದರ ಹೆಸರೇ ನಶ್ಯದ ಡಬ್ಬಿ. ಆ ಗುಳಿಯ ತಳದಲ್ಲಿರುವುದು ಸ್ಕ್ಯಾಫಾಯ್ಡ್. ಗ್ರೀಕ್ ಭಾಷೆಯಲ್ಲಿ ದೋಣಿ ಎಂಬ ಅರ್ಥದ ಪದದಿಂದ ಬಂದ ಹೆಸರು. ಗೋಡಂಬಿಯಂತೆ ಬಾಗಿದ, ಗೋಡಂಬಿಗಿಂತ ಸ್ವಲ್ಪ ದಪ್ಪನೆಯ ಮೂಳೆ.

ಬಿದ್ದ ಕೈಯ ಚರಿತ್ರೆಯಲ್ಲಿ ಮೊದಲು ಹೆಸರಾದದ್ದು ಇದಲ್ಲ. 1814ರಲ್ಲಿ ಡಬ್ಲಿನ್ ನಗರದ ಶಸ್ತ್ರವೈದ್ಯ ಅಬ್ರಹಾಂ ಕೋಲೀಸ್, ಅಂಗೈ ಊರಿ ಬಿದ್ದವರಲ್ಲಿ ಮಣಿಕಟ್ಟಿನ ಪಕ್ಕದ ಮುಂಗೈ ಮೂಳೆ ಮುರಿಯುವ ಬಗೆಯನ್ನು ವಿವರಿಸಿದ. ಎಲ್ಲರೂ ಕೀಲು ತಪ್ಪಿದೆ ಎಂದು ಭಾವಿಸುತ್ತಿದ್ದುದನ್ನು ಇದು ಮುರಿತ ಎಂದು ತಿದ್ದಿದ. ಎಕ್ಸ್-ರೇ ಬರಲು ಇನ್ನೂ 81 ವರ್ಷ ಇತ್ತು. ಬರಿಯ ಬೆರಳ ತುದಿಯಿಂದ ತಡವಿ ಅವನು ಇಷ್ಟನ್ನು ಕಂಡಿದ್ದ.

1895ರ ನವೆಂಬರಿನಲ್ಲಿ ರಾಂಟ್‌ಜನ್ ಎಕ್ಸ್ ಕಿರಣಗಳನ್ನು ಕಂಡುಹಿಡಿದ. ಡಿಸೆಂಬರಿನಲ್ಲಿ ಅವನು ತೆಗೆದ ಹೆಸರುವಾಸಿ ಚಿತ್ರ ಹೆಂಡತಿಯ ಕೈಯದು, ಉಂಗುರದ ಸಮೇತ. ಇನ್ನು ಮೂಳೆಯ ಗುಟ್ಟು ಉಳಿಯಲಿಲ್ಲ ಎಂದು ಲೋಕ ತಿಳಿಯಿತು. ಆದರೆ ದೋಣಿ ಮೂಳೆ ತನ್ನ ಗುಟ್ಟನ್ನು ಬಿಟ್ಟುಕೊಡಲಿಲ್ಲ. ಅದರ ಮುರಿತ ಎಷ್ಟೋ ಸಲ ಕೂದಲೆಳೆಯಂಥದ್ದು. ಬಿದ್ದ ದಿನದ ಚಿತ್ರದಲ್ಲಿ ಕಾಣದೆ ಹೋಗಬಹುದು. ಹತ್ತು, ಹದಿನಾಲ್ಕು ದಿನ ಕಳೆದರೆ ಮುರಿದ ಅಂಚಿನ ಮೂಳೆ ಸ್ವಲ್ಪ ಕರಗಿ, ಗೆರೆ ಅಗಲವಾಗಿ, ಆಗ ಕಾಣುತ್ತದೆ. ಇವತ್ತು ಎಂಆರ್‌ಐ ಮಾಡಿಸಿದರೆ ಬೇಗ ತಿಳಿಯುತ್ತದೆ, ಆದರೆ ಎಲ್ಲ ಕಡೆ, ಎಲ್ಲರ ಕೈಗೆ ಅದು ಎಟಕುವುದಿಲ್ಲ. ಅದಕ್ಕೇ ಹತ್ತು ದಿನ ಬಿಟ್ಟು ಬನ್ನಿ ಎನ್ನುವುದು. ಅದು ಉಪಚಾರದ ಮಾತಲ್ಲ, ಮುರಿತ ಕಣ್ಣಿಗೆ ಬೀಳಲು ಬೇಕಾದ ಕಾಲ.

ಇನ್ನೊಂದು ತೊಡಕಿದೆ. ಈ ಮೂಳೆಗೆ ರಕ್ತ ಹೆಚ್ಚಾಗಿ ಬರುವುದು ಬೆರಳುಗಳ ಕಡೆಯ ತುದಿಯಿಂದ. ಅಲ್ಲಿಂದ ಹಿಮ್ಮುಖವಾಗಿ ತೋಳಿನ ಕಡೆಗೆ ಹರಿಯುತ್ತದೆ. ಕಾಲುವೆಯ ಕೊನೆಯ ಗದ್ದೆಗೆ ನೀರು ಏರುವ ಕಷ್ಟವನ್ನು ಮಂಡ್ಯದ ರೈತರು ಬಲ್ಲರು. ನಡುವೆ ಏರಿ ಒಡೆದರೆ ಒಣಗುವುದು ಅದೇ ಗದ್ದೆ. ದೋಣಿ ಮೂಳೆ ನಡುವೆ ಮುರಿದು ಅಲುಗಾಡುತ್ತಿದ್ದರೆ ಹಿಂದಿನ ತುಂಡಿಗೆ ರಕ್ತ ನಿಂತು ಅದು ಸಾಯಬಹುದು. ಕೂಡದ ಮೂಳೆಯ ಮೇಲೆ ವರ್ಷಗಟ್ಟಲೆ ಕೈ ಆಡಿಸಿದರೆ ಕೀಲು ಸವೆದು, ಮೂವತ್ತು ನಲವತ್ತರಲ್ಲೇ ಸಂಧಿವಾತ ಬರುತ್ತದೆ. ಈ ನಡುವೆ ನೋವು ಮಾತ್ರ ಒಂದು ವಾರಕ್ಕೇ ಇಳಿದುಹೋಗಿರುತ್ತದೆ. ನೋವು ಹೋಯಿತು, ಗುಣವಾಯಿತು ಎಂಬ ನಮ್ಮ ಲೆಕ್ಕ ತಪ್ಪುವುದು ಇಲ್ಲಿ.

*

ಮೂಳೆ ಮುರಿದರೆ ಆಸ್ಪತ್ರೆಗಿಂತ ಮೊದಲು ನಮ್ಮ ಕಡೆ ನೆನಪಾಗುವ ಊರು ಪುತ್ತೂರು. ದಕ್ಷಿಣ ಕನ್ನಡದ್ದಲ್ಲ, ಆಂಧ್ರದಲ್ಲಿ ತಿರುಪತಿಯ ಹತ್ತಿರದ್ದು. ಎಲೆಯ ಮದ್ದು, ಮೊಟ್ಟೆಯ ಲೋಳೆ, ಬಟ್ಟೆ, ಬಿದಿರಿನ ದಬ್ಬೆ ಸೇರಿಸಿ ಕಟ್ಟುವ ಪುತ್ತೂರು ಕಟ್ಟಿಗಾಗಿ ಕೋಲಾರ, ಬೆಂಗಳೂರಿನ ಜನ ತಲೆಮಾರುಗಳಿಂದ ಹೋಗಿಬರುತ್ತಿದ್ದಾರೆ. ಅದರ ಹೆಸರಿನ ಬೋರ್ಡುಗಳು ಬೆಂಗಳೂರಿನ ಬೀದಿಗಳಲ್ಲೂ ಇವೆ. ನನ್ನ ಅಮ್ಮನೂ ಅಂದು, “ಅಲ್ಲಿಗೇ ಕರ್ಕೊಂಡ್ ಹೋಗಿ, ಮೂರು ಕಟ್ಟಿಗೆ ಸರಿಹೋಗತ್ತೆ” ಅಂದಿದ್ದಳು. ಅಮ್ಮನ ಮಾತಿನಲ್ಲಿ ನಾನು ಗಮನಿಸದೇ ಬಿಟ್ಟದ್ದು ‘ಮೂರು ಕಟ್ಟು’ ಎಂಬುದನ್ನು. ಒಂದು ಕಟ್ಟು ಕಟ್ಟಿ ಕಳಿಸುವ ಪದ್ಧತಿ ಅಲ್ಲೂ ಇಲ್ಲ.

ಈ ತಿಳಿವಳಿಕೆ ಬಹಳ ಹಳೆಯದು. ಸುಶ್ರುತ ಸಂಹಿತೆಯಲ್ಲಿ ಮುರಿತದ ಚಿಕಿತ್ಸೆಗೇ ಒಂದು ಅಧ್ಯಾಯವಿದೆ. ಆಲ, ಅತ್ತಿ, ಅಶ್ವತ್ಥ, ಮುತ್ತುಗದ ತೊಗಟೆ, ಬಿದಿರಿನ ಸೀಳು ಇವುಗಳಿಂದ ದಬ್ಬೆ ಕಟ್ಟಬೇಕು ಎನ್ನುತ್ತದೆ. ಕಟ್ಟು ಸಡಿಲವಾದರೆ ಕೀಲು ನಿಲ್ಲುವುದಿಲ್ಲ, ಬಿಗಿಯಾದರೆ ಊತ, ನೋವು, ಕೀವು ಎಂದು ಎಚ್ಚರಿಸುತ್ತದೆ. ಆಮೇಲೆ ಲೆಕ್ಕ ಕೊಡುತ್ತದೆ: ಚಳಿಗಾಲದಲ್ಲಿ ಏಳು ದಿನಕ್ಕೊಮ್ಮೆ, ಹದವಾದ ಕಾಲದಲ್ಲಿ ಐದು ದಿನಕ್ಕೊಮ್ಮೆ, ಬೇಸಿಗೆಯಲ್ಲಿ ಮೂರು ದಿನಕ್ಕೊಮ್ಮೆ ಕಟ್ಟು ಬಿಚ್ಚಿ ನೋಡಿ ಮತ್ತೆ ಕಟ್ಟಬೇಕು. ಮುರಿದ ಅಂಗೈ ಕೂಡಿದ ಮೇಲೆ ಮೊದಲು ಹಗುರದ ಮುದ್ದೆ ಹಿಡಿಸಿ, ಬಲ ಬಂದಂತೆ ಕಲ್ಲು ಹಿಡಿಸಬೇಕು ಎಂದೂ ಹೇಳುತ್ತದೆ. ಇಂದಿನ ಫಿಸಿಯೋಥೆರಪಿಯವರು ಕೈಗೆ ಕೊಡುವ ರಬ್ಬರ್ ಚೆಂಡಿನ ಹಿರಿಯಜ್ಜ ಅದು.

ಹಾಗೆಂದು ಹಳೆಯದೆಲ್ಲ ಹೊನ್ನಲ್ಲ. ಎಕ್ಸ್-ರೇ ಇಲ್ಲದೆ ಕಟ್ಟುವ ಕೈಗೆ ದೋಣಿ ಮೂಳೆಯ ಸೀಳು ತಿಳಿಯುವುದಿಲ್ಲ. ಬಿಗಿಯಾದ ಕಟ್ಟಿನ ಒಳಗೆ ಕೈ ಊದಿದರೆ ರಕ್ತದ ಓಟ ನಿಂತು, ಸ್ನಾಯುಗಳು ಸತ್ತು, ಬೆರಳುಗಳು ಹಕ್ಕಿಯ ಉಗುರಿನಂತೆ ಮಡಚಿಕೊಂಡುಬಿಡುತ್ತವೆ. ಇದನ್ನು 1881ರಲ್ಲಿ ಜರ್ಮನಿಯ ರಿಚರ್ಡ್ ಫಾನ್ ಫೋಕ್‌ಮನ್ ವಿವರಿಸಿದ. ಅವನು ಕಂಡದ್ದು ನಾಟಿ ವೈದ್ಯರ ಕಟ್ಟಿನ ಕೆಳಗಲ್ಲ, ತನ್ನ ಕಾಲದ ಆಸ್ಪತ್ರೆಯ ಬ್ಯಾಂಡೇಜಿನ ಕೆಳಗೆ. ಡಚ್ ಸೇನೆಯ ವೈದ್ಯ ಮಥೈಸೆನ್ 1852ರಲ್ಲಿ ಬಟ್ಟೆಗೆ ಜಿಪ್ಸಂ ಪುಡಿ ಉಜ್ಜಿ, ನೀರಿನಲ್ಲಿ ನೆನೆಸಿ ಸುತ್ತುವ ಪ್ಲಾಸ್ಟರನ್ನು ತಂದಿದ್ದ. ಕಟ್ಟು ಗಟ್ಟಿಯಾದಷ್ಟೂ ಮರಳಿ ನೋಡುವ ಹೊಣೆ ಹೆಚ್ಚಾಯಿತು. ಇವತ್ತಿಗೂ ಪ್ಲಾಸ್ಟರ್ ಹಾಕಿಸಿಕೊಂಡವರ ಬೆರಳು ನೀಲಿಯಾದರೆ, ಮರಗಟ್ಟಿದರೆ, ಬೆರಳು ನೀಡಿದಾಗ ನೋವು ತಾಳಲಾರದಷ್ಟಾದರೆ ಹತ್ತು ದಿನ ಕಾಯುವಂತಿಲ್ಲ. ಅದೇ ರಾತ್ರಿ ಹೋಗಬೇಕು.

*

ಬಿದ್ದವರನ್ನು ಮರಳಿ ಕರೆಸುವುದನ್ನು ಒಂದು ಏರ್ಪಾಡಾಗಿ ಮಾಡಿದವರ ಕಥೆಯೂ ಒಬ್ಬ ನಾಟಿ ವೈದ್ಯನಿಂದಲೇ ಶುರುವಾಗುತ್ತದೆ. ವೇಲ್ಸಿನ ಆಂಗ್ಲೆಸೀ ದ್ವೀಪದ ಎಲುಬು ಕಟ್ಟುವ ಮನೆತನದ ಇವಾನ್ ಥಾಮಸ್ ಲಿವರ್‌ಪೂಲಿಗೆ ಬಂದು ಹಡಗುಕಟ್ಟೆಯ ಕೂಲಿಗಳಿಗೆ ಕಟ್ಟು ಕಟ್ಟುತ್ತಿದ್ದ. ಡಿಗ್ರಿ ಪಡೆದ ವೈದ್ಯರು ಅವನನ್ನು ಮತ್ತೆ ಮತ್ತೆ ಕೋರ್ಟಿಗೆ ಎಳೆದರು. ರೋಸಿಹೋದ ಅವನು ಐದು ಗಂಡುಮಕ್ಕಳನ್ನೂ ವೈದ್ಯಕೀಯ ಓದಿಸಿದ. ಅವರಲ್ಲಿ ಹ್ಯೂ ಓವೆನ್ ಥಾಮಸ್ ಲಿವರ್‌ಪೂಲಿನಲ್ಲಿ ಭಾನುವಾರ ಬಡವರಿಗೆ ಬಿಟ್ಟಿಯಾಗಿ ಚಿಕಿತ್ಸೆ ಕೊಡುತ್ತಿದ್ದ. ಮೂಳೆಗೆ ಪೂರ್ತಿ, ತಡೆಯಿಲ್ಲದ, ದೀರ್ಘ ವಿಶ್ರಾಂತಿ ಬೇಕು ಎಂಬುದು ಅವನ ಸಿದ್ಧಾಂತ. ಅದೇ ಕಾಲದಲ್ಲಿ ಫ್ರಾನ್ಸಿನ ಲ್ಯೂಕಾ-ಶಾಂಪಿಯೊನಿಯೇರ್ ಇದಕ್ಕೆ ತದ್ವಿರುದ್ಧ: ಬೇಗ ಅಲುಗಾಡಿಸಿ, ನೀವಿ, ಚಲನೆಯೇ ಜೀವ ಎಂದ. ಇಬ್ಬರಲ್ಲಿ ಯಾರು ಸರಿ? ಮೊದಲ ವಾರಗಳಲ್ಲಿ ಒಬ್ಬ, ಆಮೇಲಿನ ವಾರಗಳಲ್ಲಿ ಇನ್ನೊಬ್ಬ. ಒಬ್ಬನಿಂದ ಇನ್ನೊಬ್ಬನಿಗೆ ಯಾವ ದಿನ ದಾಟಬೇಕು ಎಂಬುದು ರೋಗಿ ಮರಳಿ ಬಂದಾಗಲೇ ತಿಳಿಯುವುದು.

ಹ್ಯೂ ಥಾಮಸನ ಹೆಂಡತಿಯ ಕಡೆಯ ಸೋದರಳಿಯ ರಾಬರ್ಟ್ ಜೋನ್ಸ್ ಅವನ ಕೈಕೆಳಗೇ ಕಲಿತ. 1888ರಲ್ಲಿ ಮ್ಯಾಂಚೆಸ್ಟರ್ ಹಡಗು ಕಾಲುವೆಯ ಕಾಮಗಾರಿಗೆ ಮುಖ್ಯ ಶಸ್ತ್ರವೈದ್ಯನಾದ. 36 ಮೈಲಿ ಉದ್ದದ ಅಗೆತ, ಸಾವಿರಾರು ಕೂಲಿಗಳು, ರೈಲು, ಕ್ರೇನು, ಕುಸಿಯುವ ಮಣ್ಣು. ಅವನು ಕಾಲುವೆಯುದ್ದಕ್ಕೂ ಪ್ರಥಮ ಚಿಕಿತ್ಸೆಯ ಠಾಣೆಗಳನ್ನೂ ಮೂರು ಆಸ್ಪತ್ರೆಗಳನ್ನೂ ಒಂದು ಸರಪಳಿಯಾಗಿ ಹೊಂದಿಸಿದ. ಮೊದಲ ಮಹಾಯುದ್ಧದ ಹೊತ್ತಿಗೆ ಹ್ಯಾರಿ ಪ್ಲಾಟ್ ಎಂಬ ತರುಣ ವೈದ್ಯ ಮ್ಯಾಂಚೆಸ್ಟರಿನ ಗಿರಣಿ ಕಾರ್ಮಿಕರ ಬಡಾವಣೆಯ ಆನ್ಕೋಟ್ಸ್ ಆಸ್ಪತ್ರೆಯಲ್ಲಿ ಮೂಳೆ ಮುರಿದವರಿಗೇ ಬೇರೆ ವಿಭಾಗ ತೆರೆದ. ಅಲ್ಲಿಯವರೆಗೆ ಮುರಿದ ಕೈಯನ್ನು ಒಂದು ದಿನ ಒಬ್ಬರು ನೋಡುತ್ತಿದ್ದರು, ಮರುವಾರ ಇನ್ನೊಬ್ಬರು, ಆಮೇಲೆ ಯಾರೂ ಇಲ್ಲ.

ಇದು ದಯೆಯ ಮಾತಷ್ಟೇ ಅಲ್ಲ, ದುಡ್ಡಿನ ಲೆಕ್ಕವೂ ಹೌದು ಎಂದು ತೋರಿಸಿದವನು ವಿಯೆನ್ನಾದ ಲೊರೆಂಟ್ಸ್ ಬ್ಯೋಲರ್. ಸರಿಯಾಗಿ ಕೂಡದ ಮೂಳೆಗೆ ಜೀವನಪೂರ್ತಿ ಪಿಂಚಣಿ ಕೊಡುವುದಕ್ಕಿಂತ ಕೂಡುವವರೆಗೆ ನೋಡಿಕೊಳ್ಳುವುದು ಅಗ್ಗ ಎಂದು ಕಾರ್ಮಿಕರ ವಿಮಾ ಸಂಸ್ಥೆಯನ್ನು ಒಪ್ಪಿಸಿ, 1925ರಲ್ಲಿ ಅಪಘಾತಕ್ಕೇ ಮೀಸಲಾದ ಆಸ್ಪತ್ರೆ ತೆರೆಸಿದ. ಮುರಿದ ಭಾಗ ಅಲುಗಬಾರದು, ಉಳಿದ ಬೆರಳು, ಮೊಣಕೈ, ಭುಜ ದಿನವೂ ಆಡಬೇಕು ಎಂಬುದು ಅವನ ಕಟ್ಟಳೆ. ಒಬ್ಬೊಬ್ಬ ರೋಗಿಯ ಚಿತ್ರ, ಅಳತೆ, ದಿನಾಂಕ ಎಲ್ಲವೂ ಕಡತದಲ್ಲಿ ಇರುತ್ತಿದ್ದವು. ನಮ್ಮ ಚೀಟಿಯ ಕೊನೆಯ ಸಾಲು ಇಂಥವರಿಂದ ಬಂದದ್ದು.

*

ತಲೆಯ ಕಥೆ ಇನ್ನೂ ತಡವಾಗಿ ಬಂತು. ಹೊರಗೆ ಗಾಯವಿಲ್ಲದೆ ಒಳಗೆ ಮಿದುಳು ಅಲುಗಾಡಿದವರನ್ನು ಮುಖಕ್ಕೆ ನೀರು ಚಿಮುಕಿಸಿ ಎಬ್ಬಿಸಿ ಮತ್ತೆ ಆಟಕ್ಕೆ ಇಳಿಸುತ್ತಿದ್ದ ಕಾಲ ಬಹಳ ದಿನ ನಡೆಯಿತು. 2001ರಲ್ಲಿ ವಿಯೆನ್ನಾದಲ್ಲೇ ಸೇರಿದ ಕ್ರೀಡಾ ವೈದ್ಯರ ಸಮ್ಮೇಳನ ಮೆಟ್ಟಿಲು ಮೆಟ್ಟಿಲಾಗಿ ಮರಳುವ ಕ್ರಮವನ್ನು ಮುಂದಿಟ್ಟಿತು: ಮೊದಲು ವಿಶ್ರಾಂತಿ, ಆಮೇಲೆ ಹಗುರ ನಡಿಗೆ, ಆಮೇಲೆ ಅಭ್ಯಾಸ, ಕೊನೆಗೆ ಆಟ. ನಡುವೆ ತಲೆನೋವೋ ತಲೆಸುತ್ತೋ ಮರಳಿದರೆ ಒಂದು ಮೆಟ್ಟಿಲು ಕೆಳಗೆ. ತಲೆಗೆ ಏಟು ಬಿದ್ದ ಹುಡುಗ ಪದೇ ಪದೇ ವಾಂತಿ ಮಾಡಿದರೆ, ಎಚ್ಚರ ಮಂಕಾದರೆ, ತಲೆನೋವು ಏರುತ್ತಲೇ ಹೋದರೆ ಮಾತ್ರ ಮೆಟ್ಟಿಲಿನ ಮಾತಿಲ್ಲ, ಕೂಡಲೇ ಆಸ್ಪತ್ರೆ.

ಬಿದ್ದು ಎದ್ದವರ ಪೈಕಿ ಲೋಕವೆಲ್ಲ ಕಂಡ ಉದಾಹರಣೆ ಸ್ಕೈ ಬ್ರೌನ್. ಬ್ರಿಟನ್ನಿನ ಪರವಾಗಿ ಆಡುವ ಈ ಹುಡುಗಿ 2020ರಲ್ಲಿ, ಹನ್ನೊಂದನೆಯ ವಯಸ್ಸಿನಲ್ಲಿ, ಕ್ಯಾಲಿಫೋರ್ನಿಯಾದಲ್ಲಿ ಅಭ್ಯಾಸ ಮಾಡುವಾಗ ಎತ್ತರದಿಂದ ಬಿದ್ದಳು. ತಲೆಬುರುಡೆಯಲ್ಲಿ ಬಿರುಕು, ಎಡಗೈ ಮತ್ತು ಮಣಿಕಟ್ಟು ಮುರಿತ. ಹೆಲ್ಮೆಟ್ ಇಲ್ಲದಿದ್ದರೆ ಉಳಿಯುತ್ತಿರಲಿಲ್ಲ ಎಂಬ ಮಾತು ಬಂತು. ಸ್ಕೇಟ್‌ಬೋರ್ಡಿಂಗ್ ಮೊದಲ ಸಲ ಒಲಿಂಪಿಕ್ಸಿಗೆ ಬರಬೇಕಿದ್ದ ವರ್ಷ ಅದು. ಕೋವಿಡ್‌ನಿಂದ ಟೋಕಿಯೋ ಕ್ರೀಡಾಕೂಟ ಒಂದು ವರ್ಷ ಮುಂದಕ್ಕೆ ಹೋಗಿತ್ತು. 2021ರ ಆಗಸ್ಟಿನಲ್ಲಿ ಅವಳು ಕಂಚಿನ ಪದಕ ಗೆದ್ದಳು. ಪತ್ರಿಕೆಗಳು ಅವಳ ಧೈರ್ಯವನ್ನು ಬರೆದವು, ಅದು ಸರಿಯೇ. ನನಗೆ ಕಂಡದ್ದು ಆ ನಡುವಿನ ಹದಿನಾಲ್ಕು ತಿಂಗಳು. ಮೂಳೆಗೆ ಬೇಕಾದ ಕಾಲ ಅವಳಿಗೆ ಸಿಕ್ಕಿತ್ತು.

ಅದೇ ಟೋಕಿಯೋದ ಪುರುಷರ ಸ್ಪರ್ಧೆಯಲ್ಲಿ ಆಸ್ಟ್ರೇಲಿಯಾದ ಕೀರನ್ ವೂಲಿ ಬಟ್ಟಲಿನ ಅಂಚಿನಲ್ಲಿದ್ದ ಕ್ಯಾಮೆರಾಮನ್‌ಗೆ ಡಿಕ್ಕಿ ಹೊಡೆದ. ಬಿದ್ದ ಕ್ಯಾಮೆರಾಮನ್ ಕ್ಯಾಮೆರಾ ಬಿಡಲಿಲ್ಲ. ಇಬ್ಬರೂ ಮುಷ್ಟಿಗೆ ಮುಷ್ಟಿ ತಾಗಿಸಿ ನಕ್ಕರು. ಎಲ್ಲ ಡಿಕ್ಕಿಗಳೂ ಹಾಗೆ ಮುಗಿದರೆ ಎಷ್ಟು ಚೆನ್ನ.

*

ನಮ್ಮ ಹುಡುಗನಿಗೆ ಹಾಗೆ ಮುಗಿಯಲಿಲ್ಲ. ಸೊಂಟದ ಮೂಳೆಯಿಂದ ಚೂರು ತೆಗೆದು ಸೀಳಿನ ನಡುವೆ ತುಂಬಿ, ತಲೆಯಿಲ್ಲದ ಒಂದು ಸಣ್ಣ ತಿರುಪಿನಿಂದ ಎರಡು ತುಂಡುಗಳನ್ನು ಬಿಗಿದರು. ಆ ಬಗೆಯ ತಿರುಪನ್ನು 1984ರಲ್ಲಿ ಲೋಕಕ್ಕೆ ಪರಿಚಯಿಸಿದವನು ಆಸ್ಟ್ರೇಲಿಯಾದ ಟಿಮೊಥಿ ಹರ್ಬರ್ಟ್. ಮೂಳೆಯೊಳಗೇ ಮುಳುಗಿ ಕೂರುವುದರಿಂದ ಅದು ಕೀಲಿಗೆ ಅಡ್ಡ ಬರುವುದಿಲ್ಲ. ಎರಡು ವಾರ, ಆರು ವಾರ, ಮೂರು ತಿಂಗಳು, ಆರು ತಿಂಗಳು ಎಂದು ಡಾಕ್ಟರು ಬರೆದ ಚೀಟಿಯನ್ನು ಅಕ್ಕ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಒಂದು ದಿನವೂ ತಪ್ಪಲಿಲ್ಲ. ಫಿಸಿಯೋಥೆರಪಿಯ ಚೆಂಡು ಕಳೆದುಹೋದ ವಾರ ಅವನು ಅಜ್ಜಿಯ ಚಪಾತಿ ಹಿಟ್ಟನ್ನು ನಾದಿ ಕೊಟ್ಟ. “ಗಟ್ಟಿ ಕಲಸಿದ್ದೀಯ” ಎಂದು ಅಮ್ಮ ಗೊಣಗಿದಳು. ನನಗೆ ಸುಶ್ರುತನ ಮುದ್ದೆ ನೆನಪಾಯಿತು.

ಮೂಳೆ ಕೂಡಿದೆ. ಮಣಿಕಟ್ಟು ಮಾತ್ರ ಹಿಂದಕ್ಕೆ ಪೂರ್ತಿ ಬಾಗುವುದಿಲ್ಲ. ನೆಲಕ್ಕೆ ಕೈಯೂರಿದಾಗ ಎಡ ಅಂಗೈ ಸಮನಾಗಿ ಕೂರುತ್ತದೆ, ಬಲ ಅಂಗೈ ಒಂದು ಕೂದಲೆಳೆ ಮೇಲೆ ನಿಲ್ಲುತ್ತದೆ. ಅದು ಇನ್ನು ಹಾಗೇ ಇರುತ್ತದಂತೆ. ನಾನು ಅಂದು ‘ಉಳುಕು ಅಷ್ಟೇ’ ಎಂದದ್ದರ ಅಳತೆ ಅದು.

ಬೆಂಗಳೂರಿನಲ್ಲಿ ಈಗ ಈ ಆಟಕ್ಕೆ ತಮ್ಮದೇ ಬಳಗವಿದೆ. ಹೋಲಿಸ್ಟೋಕ್ಡ್ ಎಂಬ ಗೆಳೆಯರ ಗುಂಪು ಸ್ವತಃ ಸಿಮೆಂಟು ಕಲಸಿ ಇಲ್ಲೂ ಬೇರೆ ಊರುಗಳಲ್ಲೂ ಪಾರ್ಕುಗಳನ್ನು ಕಟ್ಟಿದೆ. ನಾವು ಬೇಡ ಎಂದರೂ ಮಕ್ಕಳು ಆಡುತ್ತಾರೆ, ಆಡಿದವರು ಬೀಳುತ್ತಾರೆ. ನಮ್ಮವನೂ ವರ್ಷದ ಮೇಲೆ ಮತ್ತೆ ಹೋದ, ಮಣಿಕಟ್ಟಿಗೆ ಗಾರ್ಡ್ ಕಟ್ಟಿಕೊಂಡು. ಮೊದಲ ದಿನ ನಾನೂ ಜೊತೆಗೆ ಹೋಗಿ ಕಟ್ಟೆಯ ಮೇಲೆ ಕುಳಿತೆ. ಹತ್ತು ಹನ್ನೊಂದರ ಒಬ್ಬ ಹುಡುಗ ಬಿದ್ದು, ಕೈಯನ್ನು ಎದೆಗೆ ಒತ್ತಿಕೊಂಡು ಅಂಚಿಗೆ ಬಂದ. ನಮ್ಮವನು ಅವನ ಪಕ್ಕ ಕುಕ್ಕರಗಾಲಲ್ಲಿ ಕುಳಿತು, ಹೆಬ್ಬೆರಳಿನ ಬುಡದ ಗುಳಿಯನ್ನು ಮೆಲ್ಲಗೆ ಒತ್ತಿದ. ಹುಡುಗ ಮುಖ ಕಿವಿಚಿದ.

“ಏನೂ ಆಗಿಲ್ಲ ಅಣ್ಣ.”

“ನಾನೂ ಹಾಗೇ ಅಂದಿದ್ದೆ. ನಿಮ್ಮಪ್ಪನ ನಂಬರ್ ಹೇಳು” ಎಂದು ಅವನು ಫೋನ್ ತೆಗೆದ.